ಸರ್ಕಾರಿ ಗೋಡೆಯ ಮೇಲೊಬ್ಬ ಯೇಸು

ನಮ್ಮ ಮನೆಯಲ್ಲಿ ಹಾಡಿನ ದನಿ ತಗ್ಗಿದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ. ಅದಕ್ಕೂ ಮುಂಚೆ ಸಂಜೆಯ ಕುಟುಂಬ ಪ್ರಾರ್ಥನೆ ಎಂದರೆ ಹೆಬ್ಬಗೋಡಿಯ ಆ ವಠಾರಕ್ಕೆಲ್ಲ ಕೇಳಿಸುವ ಕಾರ್ಯಕ್ರಮ. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್; ಮೆಷಿನ್ನುಗಳ ಸದ್ದಿನ ಮೇಲೆ ಕೂಗಿ ಮಾತಾಡಿ ಪಳಗಿದ ಗಂಟಲು. ಅವನು ಕೀರ್ತನೆ ಎತ್ತಿಕೊಂಡರೆ ಶೀಟಿನ ಮಾಡು ಅದುರುತ್ತಿತ್ತು. ಪಕ್ಕದ ರೂಮಿನಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಹುಡುಗರು ಕಟ್ಟಡದ ಕೆಲಸ ಮುಗಿಸಿ ಬಂದು ರೊಟ್ಟಿ ಬಡಿಯುತ್ತ, ಯಾವ ದೇವರ ಹಾಡು ಎಂದು ತಲೆ ಕೆಡಿಸಿಕೊಳ್ಳದೆ, ಪಲ್ಲವಿಗೆ ತಾವೂ ದನಿ ಸೇರಿಸುತ್ತಿದ್ದರು. ಅಷ್ಟರಲ್ಲಿ ಕರಾವಳಿ ಕಡೆ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಕಿಟಕಿ ಒಡೆದ ಸುದ್ದಿ ಟಿವಿಯಲ್ಲಿ ಬಂತು. ಮಾರನೆಯ ದಿನದಿಂದ ಅಮ್ಮ ಪ್ರಾರ್ಥನೆಗೆ ಕೂರುವ ಮೊದಲು ಎದ್ದು ಹೋಗಿ ಕಿಟಕಿ ಮುಚ್ಚತೊಡಗಿದಳು. ಅಪ್ಪ ತಾನಾಗಿಯೇ ದನಿ ಇಳಿಸಿದ. ಗಟ್ಟಿಯಾಗಿ ಹಾಡಿ ರೂಢಿಯಾದವನು ಮೆಲ್ಲಗೆ ಹಾಡಲು ಹೋದರೆ ಶ್ರುತಿ ತಪ್ಪುತ್ತದೆ. ನಮ್ಮ ಮನೆಯ ಕೀರ್ತನೆಗಳು ಆಮೇಲೆ ಬಹಳ ಕಾಲ ಶ್ರುತಿಗೆ ಕೂಡಲಿಲ್ಲ. ಭಯ ಅಂದರೆ ಇವತ್ತಿಗೂ ನನಗೆ ಕೇಳಿಸುವುದು ಶ್ರುತಿ ತಪ್ಪಿದ ಆ ಹಾಡೇ.

ಎರಡು ಕೋಣೆಯ ಮನೆ ಅದು. ಮುಂದಿನ ಕೋಣೆಯಲ್ಲಿ ಅಪ್ಪನ ಕಬ್ಬಿಣದ ಮಂಚ, ನನ್ನ ಶಾಲೆಯ ಬ್ಯಾಗು, ಗೋಡೆಗೆ ಒಂದು ಬೈಬಲ್ ವಚನದ ಕ್ಯಾಲೆಂಡರು. ಹಿಂದಿನದು ಅಡುಗೆ, ಬಚ್ಚಲು, ಅಮ್ಮನ ಸಾಮ್ರಾಜ್ಯ. ಮನೆಯ ಒಡತಿ ಮುನಿಯಮ್ಮಜ್ಜಿ ಆ ಊರಿನ ಹಳಬಳು. ಅವಳ ಗಂಡನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆಯ ರೂಮುಗಳು. ಅಜ್ಜಿಗೂ ಅಮ್ಮನಿಗೂ ನಡುವೆ ಒಂದು ವಿಚಿತ್ರ ಒಪ್ಪಂದವಿತ್ತು. ನಮ್ಮ ಸಭೆಯವರು, ಅಂದರೆ ನಮ್ಮ ಚರ್ಚಿನವರು, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವುದಿಲ್ಲ. ಇದು ಅಜ್ಜಿಗೆ ಹೇಗೋ ತಿಳಿದುಹೋಗಿತ್ತು. ಹಬ್ಬದ ದಿನ ನೈವೇದ್ಯಕ್ಕೆ ಇಡುವ ಮೊದಲೇ ನಮ್ಮ ಪಾಲಿನ ಒಬ್ಬಟ್ಟನ್ನು ತೆಗೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಗೋಡೆಯ ಮೇಲಿಂದ ದಾಟಿಸುತ್ತಿದ್ದಳು. ದೇವರಿಗಿಂತ ಮೊದಲು ಬೇರೆಯವರಿಗೆ ತೆಗೆದಿಡುವುದು ಅವಳ ಸೊಸೆಗೆ ಸರಿಬರುತ್ತಿರಲಿಲ್ಲ. ಅಜ್ಜಿ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ.

"ದೇವ್ರು ಒಸಿ ಒತ್ತು ಕಾಯ್ತಾನೆ ಕಣಮ್ಮಿ. ಮಗ ಕಾಯಕ್ಕಿಲ್ಲ."

ನಮ್ಮ ಕಡೆಯ ಮರ್ಯಾದೆಯೂ ಕಡಿಮೆಯದಲ್ಲ. ಕ್ರಿಸ್‌ಮಸ್ಸಿಗೆ ಅಜ್ಜಿಯ ಮನೆಗೆ ಹೋಗುವ ಕಜ್ಜಾಯವನ್ನು ಮಾಂಸ ತಾಗದ ಬಾಣಲೆಯಲ್ಲೇ ಕರಿಯಬೇಕೆಂದು ಅಮ್ಮನ ಹಟ. ಅಂಥ ಬಾಣಲೆ ನಮ್ಮ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಅಜ್ಜಿಯ ಬಾಣಲೆಯನ್ನೇ ಕೇಳಿ ತಂದು, ಅದರಲ್ಲೇ ಕರಿದು, ಅದರಲ್ಲೇ ತುಂಬಿಸಿ ಕಳಿಸುತ್ತಿದ್ದಳು. ಇಷ್ಟು ನಾಜೂಕಾಗಿ ಒಬ್ಬರ ದೇವರನ್ನು ಇನ್ನೊಬ್ಬರು ಕಾಪಾಡಿದ ಜನರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಶಾಲೆ ಎಂದರೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮನೆಯಿಂದ ಎರಡು ಬೀದಿ ಆಚೆ. ಅಲ್ಲಿ ಶುಕ್ರವಾರ ಸರಸ್ವತಿ ಪೂಜೆ ಮೊದಲಿನಿಂದಲೂ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದೆ, ಕಡಲೆಪುರಿಯನ್ನು ಗೆಳತಿಗೆ ಕೊಡುತ್ತಿದ್ದೆ, ಅವಳು ಖುಷಿಯಾಗಿ ತಿನ್ನುತ್ತಿದ್ದಳು. ಯಾರಿಗೂ ತೊಂದರೆ ಇರಲಿಲ್ಲ. ಅಪ್ಪನಿಗೆ ಮಾತ್ರ ಅದೂ ಸರಿಕಾಣುತ್ತಿರಲಿಲ್ಲ. ಅವನು ಓದಿದ್ದು ಮಿಷನ್ ಹಾಸ್ಟೆಲಿನಲ್ಲಿ. ಅಲ್ಲಿ ಬೆಳಗಿನ ಪ್ರಾರ್ಥನೆಗೆ ಎಲ್ಲ ಹುಡುಗರೂ ಮೊಣಕಾಲೂರಿ ಕಣ್ಣು ಮುಚ್ಚಬೇಕಿತ್ತು. ಪಕ್ಕದ ಹಾಸಿಗೆಯ ರಂಗಪ್ಪನೆಂಬ ಹುಡುಗ ಕಣ್ಣು ಮುಚ್ಚುತ್ತಿರಲಿಲ್ಲವಂತೆ. ವಾರ್ಡನ್ನಿನ ಬೆತ್ತ ಅವನ ಬೆನ್ನ ಮೇಲೆ ಬೀಳುವಾಗ ಅಪ್ಪ ಪಕ್ಕದಲ್ಲೇ ಮೊಣಕಾಲೂರಿ ದೇವರ ಹೆಸರು ಹೇಳುತ್ತಿದ್ದ. ಹೊಡೆಸಿಕೊಂಡು ಹೇಳುವ ಆಮೆನ್ ಯಾರ ಕಿವಿಗೂ ಹೋಗುವುದಿಲ್ಲ ಎಂದು ಅವನು ಈ ಕಥೆಯ ಕೊನೆಯಲ್ಲಿ ಯಾವಾಗಲೂ ಹೇಳುತ್ತಿದ್ದ. ಕೇಳಿ ಕೇಳಿ ಅಮ್ಮನಿಗೆ ಆ ಕಥೆ ಸಾಕಾಗಿತ್ತು.

ನಾನು ಏಳನೇ ಕ್ಲಾಸಿಗೆ ಬಂದ ಜೂನ್‌ನಲ್ಲಿ ಶಾಲೆಗೆ ಒಂದು ದೊಡ್ಡ ಪಟ ಬಂತು. ಭಾರತಮಾತೆ, ಹಿಂದೆ ಸಿಂಹ, ಕೈಯಲ್ಲಿ ಬಾವುಟ. ತಂದುಕೊಟ್ಟದ್ದು ಏರಿಯಾದ ಯುವಕರ ಒಂದು ಗುಂಪು. ಅದರಲ್ಲಿ ಮುಂದಾಳು ಮುನಿಯಮ್ಮಜ್ಜಿಯ ಮಗ ನಾಗರಾಜ. ಇನ್ನು ಮೇಲೆ ಪ್ರತಿ ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ಪಟಕ್ಕೆ ಆರತಿ ಆಗಬೇಕು, ಸ್ವಾತಂತ್ರ್ಯ ದಿನಾಚರಣೆಯಂದು ದೊಡ್ಡದಾಗಿ ಆಗಬೇಕು, ಎಲ್ಲ ಮಕ್ಕಳೂ ಕೈಮುಗಿಯಬೇಕು, ಮುಗಿಯದವರು ಯಾವ ದೇಶದವರು ಎಂದು ವಿಚಾರಿಸಬೇಕಾಗುತ್ತದೆ ಎಂದು ಅವರು ನಗುನಗುತ್ತಲೇ ಹೇಳಿ ಹೋದರು. ನಮ್ಮ ಮುಖ್ಯೋಪಾಧ್ಯಾಯಿನಿ ಪುಷ್ಪಾವತಿ ಮಿಸ್ ಒಳ್ಳೆಯ ಹೆಂಗಸು. ಮಕ್ಕಳಿಗೆ ಹೇನು ಬಿದ್ದರೆ ತಾವೇ ಬಾಚಣಿಗೆ ಹಿಡಿದು ಕೂರುತ್ತಿದ್ದವರು. ಅವರು ಹಾಡಲು ಬರುವ ನಾಲ್ವರು ಹುಡುಗಿಯರನ್ನು ಆರಿಸಿದರು. ಹಾಡುವವರೇ ಸರದಿಯಂತೆ ಆರತಿ ಎತ್ತುವುದು ಎಂದಾಯಿತು. ಸಭೆಯ ಗಾಯನದಲ್ಲಿ ಪಳಗಿದ ಗಂಟಲಿನಿಂದಾಗಿ ಮೊದಲ ಹೆಸರು ನನ್ನದೇ. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಓಡಿ ಬಂದು ಹೇಳಿದೆ. ಅಪ್ಪ ಊಟದ ತಟ್ಟೆಯ ಮುಂದೆ ಕೂತಿದ್ದವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಹಾಡು. ಬಾವುಟಕ್ಕೆ ಸೆಲ್ಯೂಟ್ ಹೊಡಿ. ಎಲ್ಲರಿಗಿಂತ ನೆಟ್ಟಗೆ ನಿಂತು ಹೊಡಿ. ಆರತಿ ತಟ್ಟೆ ಮಾತ್ರ ಮುಟ್ಟಬೇಡ."

ಅಮ್ಮ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. ದೇಶ ದೇವರಲ್ಲ ಎನ್ನುವುದು ಸರಿ, ಅದನ್ನು ಹೋಗಿ ಹೇಳಬೇಕಾದವಳು ಹನ್ನೆರಡು ವರ್ಷದ ಮಗು ಎನ್ನುವುದು ಸರಿಯೇ ಎಂದು ಕೇಳಿದಳು. ಒಡತಿಯ ಮಗನೇ ಪಟ ತಂದಿದ್ದಾನೆ, ನಾಳೆ ಮನೆ ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗುವುದು ಎಂದಳು. ಅಪ್ಪ ತನ್ನ ರಂಗಪ್ಪನ ಕಥೆ ಎತ್ತಿಕೊಂಡ. ಅಮ್ಮ ರಂಗಪ್ಪನನ್ನೂ ಬಿಡಲಿಲ್ಲ, ವಾರ್ಡನ್ನನ್ನೂ ಬಿಡಲಿಲ್ಲ. ನಾನು ಇಬ್ಬರ ನಡುವೆ ಕೂತು ತಣ್ಣಗಾದ ಮುದ್ದೆಯನ್ನು ನೋಡುತ್ತಿದ್ದೆ. ಅವತ್ತಿನಿಂದ ಆಗಸ್ಟ್ ಹದಿನೈದರವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ತಟ್ಟೆ ನನ್ನ ಮುಂದೆ ಬಂದಾಗ ಏನು ಮಾಡುವುದು? ಮುಟ್ಟಿದರೆ ಅಪ್ಪನ ಮುಖ ನೋಡುವ ಹಾಗಿಲ್ಲ. ಮುಟ್ಟದಿದ್ದರೆ ಅಪ್ಪನಿಗೇ ಏನಾದರೂ ಆಗಬಹುದು. ಸೋಮವಾರಗಳಂದು ಹೊಟ್ಟೆನೋವು ಬರತೊಡಗಿತು. ಸುಳ್ಳು ಹೊಟ್ಟೆನೋವಲ್ಲ, ನಿಜವಾಗಿ ಹಿಂಡುತ್ತಿತ್ತು. ಅಮ್ಮ ಓಮದ ನೀರು ಕುಡಿಸಿ, ನನ್ನ ಕಣ್ಣು ನೋಡಿ, ಮಲಗಿಸುತ್ತಿದ್ದಳು.

ಹೊಟ್ಟೆನೋವು ಎಷ್ಟು ಸೋಮವಾರ ನಡೆದೀತು? ಅಪ್ಪ ಒಂದು ದಿನ ಅರ್ಧ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನನ್ನು ಕರೆದುಕೊಂಡು ಶಾಲೆಗೆ ಹೊರಟ. ಆಫೀಸ್ ರೂಮಿನ ಬಾಗಿಲ ಹೊರಗೆ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಅಪ್ಪ ಜಗಳಕ್ಕೆ ಹೋಗಿರಲಿಲ್ಲ. ಸರ್ಕಾರಿ ಶಾಲೆ ಎಲ್ಲರದ್ದು, ದೇಶವನ್ನು ಪ್ರೀತಿಸಿ ಎಂದು ಕಲಿಸಿ, ಪೂಜಿಸಿ ಎಂದು ಕಲಿಸಬೇಡಿ, ಇಷ್ಟೇ ಅವನು ಕೇಳಿದ್ದು. ಪುಷ್ಪಾವತಿ ಮಿಸ್ ಹಾಜರಿ ಪುಸ್ತಕ ಮುಚ್ಚಿಟ್ಟರು. ರಿಟೈರ್ ಆಗಲು ಹೆಚ್ಚು ದಿನ ಉಳಿದಿಲ್ಲ, ಆ ಹುಡುಗರನ್ನು ಎದುರು ಹಾಕಿಕೊಳ್ಳುವ ಶಕ್ತಿ ತಮಗಿಲ್ಲ ಎಂದರು. ಅವರ ದನಿಯಲ್ಲೂ ನಮ್ಮ ಮನೆಯ ಹಾಡಿನ ಹಾಗೆ ಏನೋ ಕೆಳಗಿಳಿದಿತ್ತು. ಆಮೇಲೆ ಅವರಿಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. ಮುಖ ಅರಳಿದ್ದು ಬಾಗಿಲ ಸಂದಿಯಿಂದಲೇ ಕಂಡಿತು.

"ಒಂದ್ ಕೆಲ್ಸ ಮಾಡೋಣ ಜಯಶೀಲ ಅವ್ರೇ. ನಿಮ್ಮ ಯೇಸುದೂ ಒಂದು ಫೋಟೊ ತಂದ್ಕೊಡಿ. ಪಕ್ಕದಲ್ಲೇ ಹಾಕ್ತೀನಿ. ಆಗ ಯಾರಿಗೂ ಬೇಜಾರಿರಲ್ಲ ನೋಡಿ."

ಅಪ್ಪ ಬೇಡ ಮೇಡಂ ಎಂದ. ಅವರು ಅದನ್ನು ಸಂಕೋಚ ಎಂದು ತಿಳಿದರು. ಅವರ ಮಾತು ಅಪ್ಪನಿಗಿಂತ ಬೇಗ ನಮ್ಮ ಸಭೆಯನ್ನು ತಲುಪಿತು.

ನಮ್ಮ ಸಭೆ ಸೇರುತ್ತಿದ್ದುದು ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ. ಆ ಭಾನುವಾರ ಅಲ್ಲಿ ಹಬ್ಬದ ಕಳೆ. ಕಿಟಕಿ ಮುಚ್ಚಿ ಹಾಡುತ್ತಿದ್ದ ಜನಕ್ಕೆ ಸರ್ಕಾರಿ ಶಾಲೆಯೇ ಕರೆದು ಯೇಸುವಿಗೆ ಜಾಗ ಕೊಟ್ಟರೆ ಹೇಗಾಗಬೇಡ? ಅವರ ಸಂತೋಷ ನನಗೆ ಅರ್ಥವಾಗುತ್ತದೆ. ಆಗ ನನಗೂ ಆಗಿತ್ತು. ಅಮ್ಮನ ಅಣ್ಣ ಸ್ಯಾಮುವೇಲ್ ಮಾಮ ಬಡಗಿ. ತೇಗದ ಚೌಕಟ್ಟನ್ನು ತಾನೇ ಮಾಡಿಕೊಡುವುದಾಗಿ ಎದ್ದು ನಿಂತು ಸಾರಿದ. ಸಭಾಪಾಲಕರಾದ ಅಯ್ಯನವರು ದೇವರಿಗೆ ಸ್ತೋತ್ರ ಹೇಳಿದರು. ಆಗ ಸಭೆಯ ಹಿರಿಯರಲ್ಲಿ ಒಬ್ಬನಾಗಿದ್ದ ಅಪ್ಪ ಎದ್ದು ನಿಂತ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಮ್ಮ ಈ ಹಾಲಿನ ಗೋಡೆ ಮೇಲೇ ನಾವು ಚಿತ್ರ ಹಾಕಲ್ಲ. ಖಾಲಿ ಶಿಲುಬೆ ಸಾಕು ಅಂತೀವಿ. ಸ್ಕೂಲ್ ಗೋಡೆ ಮೇಲೆ ಯಾಕೆ ಬೇಕು? ಅವರದ್ದು ಬೇಡ ಅನ್ನೋ ಬಾಯಲ್ಲಿ ನಮ್ದೂ ಬೇಡ ಅನ್ನಬೇಕು. ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರಬೇಕು."

ಹಾಲಿನಲ್ಲಿ ಗುಸುಗುಸು ಎದ್ದಿತು. ಯೇಸುವನ್ನು ಬೇಡ ಎನ್ನುವ ಹಿರಿಯ ನಮಗೆ ಯಾತಕ್ಕೆ ಎಂದು ಹಿಂದಿನಿಂದ ಯಾರೋ ಅಂದರು. ಅಯ್ಯನವರು ಮೆದು ಮಾತಿನವರು. ಈ ವಿಷಯ ಪ್ರಾರ್ಥನೆಯಲ್ಲಿಡೋಣ ಎಂದರು. ಅಂದರೆ ಅಪ್ಪ ಸೋತ ಎಂದರ್ಥ. ಭಾನುವಾರದ ಮಟನ್ ಸಾರಿಗೆ ಮಾಮ ನಮ್ಮ ಮನೆಗೇ ಬರುವುದು ವಾಡಿಕೆ. ಬಂದ, ಕೂತ, ಎಲೆ ಮುಂದೆಯೇ ಮಾತಿಗೆ ಮಾತು ಬೆಳೆಯಿತು. ಅವರೆಲ್ಲ ಗುಂಪು ಕಟ್ಟಿಕೊಂಡು ಇದ್ದಬದ್ದ ಗೋಡೆಗಳನ್ನೆಲ್ಲ ಹಿಡಿಯುತ್ತಿರುವಾಗ ನಮಗೆ ಸಿಕ್ಕ ಒಂದು ಮೊಳೆಯನ್ನೂ ಬಿಟ್ಟುಕೊಡುವ ನೀನೆಂಥ ಕ್ರೈಸ್ತ ಎಂದು ಮಾಮ ಕೇಳಿದ. ಆ ಮೊಳೆಯ ಕೆಳಗೆ ಕೂರುವುದು ಯಾರ ಮಕ್ಕಳು ಎಂದು ಅಪ್ಪ ಕೇಳಿದ. ಮಾಮ ಮಾಂಸದ ತುಂಡನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋದ. ಅಮ್ಮ ಅವನ ಎಲೆಯನ್ನು ಎತ್ತಲಿಲ್ಲ, ಸಂಜೆಯವರೆಗೂ ಅದು ಅಲ್ಲೇ ಇತ್ತು.

ಇದಾದ ಮೇಲೂ ಸೋಮವಾರಗಳನ್ನು ನಾನು ಓಮದ ನೀರು ಕುಡಿದು ಮನೆಯಲ್ಲೇ ಕಳೆದೆ. ಬೀದಿಯಲ್ಲಿ ಅಪ್ಪನ ಹೆಸರು ಓಡಾಡತೊಡಗಿತು: ಭಾರತಮಾತೆಯ ಪಟ ತೆಗೆಸಲು ಹೋಗಿದ್ದನಂತೆ, ಮತಾಂತರ ಮಾಡಿಸುತ್ತಾನಂತೆ. ಅಪ್ಪನಿಗೆ ಅಮ್ಮನನ್ನು ಒಂದು ಮಾತಿಗೆ ಒಪ್ಪಿಸಲು ಬರುತ್ತಿರಲಿಲ್ಲ, ಇನ್ನು ಊರನ್ನು ಮತಾಂತರ ಮಾಡುವುದೆಲ್ಲಿ ಬಂತು! ಆದರೆ ನಗುವ ಸ್ಥಿತಿ ನಮ್ಮದಾಗಿರಲಿಲ್ಲ. ನಲ್ಲಿಯ ಹತ್ತಿರ ನಾಗರಾಜ ಅಪ್ಪನನ್ನು ತಡೆದು ಮಾತಾಡಿದ. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸುತ್ತಿಸಿದವನು ಅವನು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಆದರೂ ನಾನು ಕೊಡ ಅಲ್ಲೇ ಬಿಟ್ಟು ಅಪ್ಪನ ಹಿಂದೆ ಸರಿದೆ.

"ಜಯಣ್ಣ, ನೀನು ಒಳ್ಳೇವ್ನು ಅಂತ ನಂಗೊತ್ತು. ನಮ್ ಹುಡುಗ್ರಿಗೆ ಗೊತ್ತಿಲ್ಲ ನೋಡು. ಸುಮ್ನೆ ಇದ್ಬಿಡಣ್ಣ."

ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಗೋಡೆಯ ಆಚೆಯಿಂದ ಹೂರಣದ ಪರಿಮಳವೂ ಬಂತು, ಡಬ್ಬಿ ಬರಲಿಲ್ಲ. ಅಮ್ಮ ಅಡುಗೆಯ ಕೋಣೆಯಲ್ಲಿ ಸುಮ್ಮಸುಮ್ಮನೆ ಪಾತ್ರೆ ಸರಿಸುತ್ತ ಮಧ್ಯಾಹ್ನವೆಲ್ಲ ಗೋಡೆಯ ಕಡೆ ಕಿವಿಗೊಟ್ಟಿದ್ದಳು. ಸಂಜೆ ಟ್ರಂಕಿನಿಂದ ಹಳೆಯ ಸೀರೆಗಳನ್ನು ತೆಗೆದು, ಗಂಟು ಕಟ್ಟಿ, ಮತ್ತೆ ಬಿಚ್ಚಿ ಒಳಗಿಟ್ಟಳು. ಚಂದಾಪುರದ ಕಡೆ ಮನೆ ನೋಡಲು ಅಪ್ಪನಿಗೆ ಹೇಳಿದಳು. ನನಗೆ ಒಬ್ಬಟ್ಟಿಗಾಗಿ ಅಳು ಬಂತು ಎಂದು ಅವರು ತಿಳಿದರು. ನನಗೆ ಅಳು ಬಂದದ್ದು ಅಜ್ಜಿಗಾಗಿ. ಅವಳೇ ತಡೆದುಕೊಂಡಳೋ, ಮಗ ತಡೆದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಆಗಸ್ಟ್ ಹದಿನೈದರ ಬೆಳಿಗ್ಗೆ ಅಮ್ಮ ನನ್ನ ಯೂನಿಫಾರ್ಮಿಗೆ ಪುಟ್ಟ ಬಾವುಟ ಚುಚ್ಚಿದಳು. ಅಪ್ಪನ ಜೇಬಿಗೂ ಒಂದು. ಶಾಲೆಯ ಅಂಗಳದಲ್ಲಿ ಬಾವುಟ ಏರಿತು, ನಾನು ಎಲ್ಲರಿಗಿಂತ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದೆ. ಆಮೇಲೆ ಎಲ್ಲರೂ ವರಾಂಡದ ಕಡೆ ತಿರುಗಿದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಭಾರತಮಾತೆಯ ಪಟ. ಅದರ ಪಕ್ಕದಲ್ಲಿ ತೇಗದ ಚೌಕಟ್ಟಿನಲ್ಲಿ ಯೇಸು. ಸ್ಯಾಮುವೇಲ್ ಮಾಮ ಹಿಂದಿನ ದಿನವೇ ತಂದು ಕೊಟ್ಟಿದ್ದ. ಅವನೂ ಅಯ್ಯನವರೂ ಅತಿಥಿಗಳ ಕುರ್ಚಿಯಲ್ಲಿ ಕೂತಿದ್ದರು, ಮಾಮನ ಎದೆ ಉಬ್ಬಿತ್ತು. ಆದರೆ ಪಟವನ್ನು ಅಲಂಕರಿಸಿದವರು ಪುಷ್ಪಾವತಿ ಮಿಸ್. ಅವರಿಗೆ ಗೊತ್ತಿದ್ದ ಮರ್ಯಾದೆ ಯಾವುದೋ ಅದನ್ನು ಒಂದು ಚೂರೂ ಕಡಿಮೆ ಮಾಡದೆ ಮಾಡಿದ್ದರು. ಯೇಸುವಿನ ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಅರಿಶಿನ ಕುಂಕುಮ, ಮುಂದೆ ಊದುಬತ್ತಿ, ಬಾಳೆಹಣ್ಣು. ಒಬ್ಬ ಮೇಷ್ಟ್ರು ಎರಡೂ ಪಟಗಳಿಗೆ ಒಂದೊಂದು ತೆಂಗಿನಕಾಯಿ ಒಡೆದರು. ಅಯ್ಯನವರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಮಾಮನ ಮುಖದಲ್ಲಿ ರಕ್ತ ಇಳಿದುಹೋದದ್ದು ನನಗೆ ಸಾಲಿನಿಂದಲೇ ಕಂಡಿತು. ಬೇಡ ಅನ್ನಲು ಅವನಿಗೆ ಬಾಯಿ ಇರಲಿಲ್ಲ, ಕೇಳಿ ತರಿಸಿಕೊಂಡ ಮರ್ಯಾದೆ ಅದು. ಅಪ್ಪ ಗೇಟಿನ ಹತ್ತಿರ ನಿಂತಿದ್ದ. ಗೆದ್ದವನ ಮುಖವಾಗಿರಲಿಲ್ಲ ಅವನದು.

ಹಾಡು ಶುರುವಾಗುವ ಮೊದಲು ಮಿಸ್ ಆರತಿಯ ತಟ್ಟೆ ಹಿಡಿದು ನೇರ ನನ್ನ ಹತ್ತಿರ ಬಂದರು. ಕರ್ಪೂರ ಉರಿಯುತ್ತಿತ್ತು. ಅವರ ಕಣ್ಣಲ್ಲಿ ಸಂತೋಷ ತುಂಬಿತ್ತು.

"ಸುಗುಣಾ, ಬಾ ಮಗು. ನಿಮ್ಮ ದೇವ್ರಿಗೇ ಮೊದ್ಲು. ಈಗಂತೂ ಎತ್ತಬಹುದಲ್ವಾ?"

ಇದಕ್ಕೆ ಅಪ್ಪ ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ಎಷ್ಟೋ ವಾರಗಳಿಂದ ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ ಉತ್ತರ ಆ ಪಟಕ್ಕೆ, ಈ ಪಟಕ್ಕಲ್ಲ. ಎತ್ತಿಬಿಡಬಹುದಿತ್ತು. ಎತ್ತಿದ್ದರೆ ನಾಗರಾಜನ ಗುಂಪಿಗೆ ಸಮಾಧಾನ, ಮಿಸ್‌ಗೆ ಸಮಾಧಾನ, ಮಾಮನ ಮರ್ಯಾದೆಯೂ ಉಳಿಯುತ್ತಿತ್ತು. ನನ್ನ ಪಕ್ಕದಲ್ಲಿ ಮಸೀದಿಯ ಪೇಷ್‌ಇಮಾಮರ ಮಗಳು ನಸೀಮಾ ನಿಂತಿದ್ದಳು. ಹಾಡುವ ನಾಲ್ವರಲ್ಲಿ ಅವಳೂ ಒಬ್ಬಳು. ಅವಳದೆಂದು ಮೇಜಿನ ಮೇಲೆ ಏನೂ ಇರಲಿಲ್ಲ. ನನ್ನ ನಂತರ ತಟ್ಟೆ ಅವಳ ಕೈಗೆ ಹೋಗುತ್ತದೆ. ಅವಳು ತನ್ನ ಬೆರಳುಗಳನ್ನು ವೇಲಿನ ಅಂಚಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ದೊಡ್ಡ ತತ್ವವೇನೂ ಹೊಳೆಯಲಿಲ್ಲ. ನಾನು ತಟ್ಟೆ ಹಿಡಿದರೆ ಇವಳಿಗೆ ಬೇಡ ಅನ್ನಲು ಆಗುವುದಿಲ್ಲ ಎಂದು ಮಾತ್ರ ಹೊಳೆಯಿತು.

"ಬೇಡ ಮಿಸ್. ನಮ್ಮ ದೇವ್ರಿಗೂ ಬೇಡ."

ಮಿಸ್‌ಗೆ ಅರ್ಥವಾಗಲಿಲ್ಲ. ತಟ್ಟೆ ಇನ್ನೂ ನನ್ನ ಮುಂದೆಯೇ ಇತ್ತು. ನಿಮಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು ಎಂದು ಮೆಲ್ಲಗೆ ಅಂದರು, ಕಣ್ಣಲ್ಲಿ ನೀರು ಬಂತು. ಹೇನು ತೆಗೆದ ಆ ಕೈಗಳನ್ನು ನಾನು ನೋಯಿಸಿದೆ, ಅದು ಈಗಲೂ ನನ್ನನ್ನು ಚುಚ್ಚುತ್ತದೆ, ಆದರೂ ಬೇರೆ ಉತ್ತರ ನನ್ನ ಬಳಿ ಈಗಲೂ ಇಲ್ಲ. ಹಿಂದಿನಿಂದ ನಾಗರಾಜನ ಗುಂಪಿನವನೊಬ್ಬ, ಇವರಿಗೆ ಅವರ ದೇವರೂ ಬೇಡವಂತೆ ಎಂದ. ಕೆಲವರು ನಕ್ಕರು. ನಾಗರಾಜ ನಗಲಿಲ್ಲ, ಅಪ್ಪನ ಕಡೆ ನೋಡಿದ. ಬೇರೆ ಇಬ್ಬರು ಹುಡುಗಿಯರು ಆರತಿ ಎತ್ತಿದರು. ನಾನೂ ನಸೀಮಾಳೂ ಹಾಡಿದೆವು ಎಂದು ಬರೆಯಲು ಆಸೆ. ಹಾಡಿದ್ದೂ ಆ ಇಬ್ಬರೇ.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ನಿರಾಸೆಯಾಗುತ್ತದೆ. ಕಲ್ಲು ಬೀಳಲಿಲ್ಲ. ಮನೆ ಖಾಲಿ ಮಾಡಿ ಎಂದು ಯಾರೂ ಹೇಳಲಿಲ್ಲ. ಬೀಳುತ್ತದೆ, ಹೇಳುತ್ತಾರೆ ಎಂದು ಕಾಯುತ್ತಲೇ ಆ ವರ್ಷ ಮುಗಿಯಿತು, ಕಾಯುವುದು ಸಾಕಾಗಿ ಬೇಸಿಗೆಯಲ್ಲಿ ನಾವೇ ಚಂದಾಪುರಕ್ಕೆ ಹೋದೆವು. ಮಾಮ ಕುಂಕುಮ ಒರೆಸಿ ಯೇಸುವನ್ನು ತನ್ನ ಮನೆಗೆ ವಾಪಸ್ ಒಯ್ದ. ಭಾರತಮಾತೆಯ ಪಟ ಅಲ್ಲೇ ಇತ್ತು, ಸೋಮವಾರದ ಆರತಿಯೂ ನಡೆಯಿತು. ಅಪ್ಪ ಸಭೆಯ ಹಿರಿಯನಾಗಿ ಮತ್ತೆ ಆಯ್ಕೆಯಾಗಲಿಲ್ಲ.

ಆದರೆ ನನಗೆ ನೆನಪಿರುವುದು ಅವತ್ತು ಮನೆಗೆ ನಡೆದು ಬಂದ ದಾರಿ. ಅಪ್ಪ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದ, ಬಳೆ ಒತ್ತುತ್ತಿತ್ತು. ಭೇಷ್ ಅನ್ನುತ್ತಾನೆ ಎಂದು ಕಾದೆ. ಅವನು ಹಿಂದೆ ತಿರುಗಿ ತಿರುಗಿ ನೋಡುತ್ತ ದೊಡ್ಡ ಹೆಜ್ಜೆ ಹಾಕುತ್ತಿದ್ದ. ನಾಳೆಯಿಂದ ಒಬ್ಬಳೇ ಶಾಲೆಗೆ ಹೋಗಬೇಡ, ಶಿಫ್ಟ್ ಬದಲಾಯಿಸಿಕೊಂಡು ತಾನೇ ಬಿಟ್ಟುಬರುತ್ತೇನೆ ಎಂದ. ಇಷ್ಟು ಹೆದರಿದ ಅಪ್ಪನನ್ನು ನಾನು ಹಿಂದೆ ನೋಡಿರಲಿಲ್ಲ, ನನ್ನಿಂದಲೇ ಹೀಗಾಯಿತು ಎಂದು ಎದೆ ಒಡೆಯಿತು.

"ಅಪ್ಪಾ, ನಾನು ತಪ್ಪು ಮಾಡಿದ್ನಾ?"

ಅವನು ನಿಂತ. ಬೀದಿಯ ಎರಡೂ ಕಡೆ ನೋಡಿ, ನನ್ನ ಎತ್ತರಕ್ಕೆ ಬಗ್ಗಿದ.

"ಇಲ್ಲಮ್ಮ. ತಪ್ಪು ಮಾಡಿದ್ದಿದ್ರೆ ಇಷ್ಟು ಹೆದರ್ತಿರಲಿಲ್ಲ, ನಾನೇ ಹೋಗಿ ಒಂದ್ ಕ್ಷಮೆ ಕೇಳಿ ಮುಗಿಸಿಬಿಡ್ತಿದ್ದೆ."